ಹಾರುವ ತಟ್ಟೆಗಳ ಗುಟ್ಟು: ಸರ್ಕಾರಗಳು ಬಚ್ಚಿಟ್ಟದ್ದು ಏನನ್ನು?

ಮಾನ್ಯ ಸಂಪಾದಕರೇ,

ಹಾರುವ ತಟ್ಟೆಗಳ ಕುರಿತು ಅಮೆರಿಕ ಸರ್ಕಾರ ತನಗೆ ಗೊತ್ತಿರುವುದನ್ನು ಬಚ್ಚಿಟ್ಟಿದೆಯೇ ಎಂಬ ಬಗ್ಗೆ ನಿಮ್ಮ ವಾಚಕರ ವಿಭಾಗದಲ್ಲಿ ನಡೆದಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಅಷ್ಟು ದೊಡ್ಡ ಗುಟ್ಟನ್ನು ಅಷ್ಟು ಕಾಲ ಕಾಪಾಡಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ ಎಂಬುದು ಒಂದು ಪಕ್ಷದ ವಾದ; ಸರ್ಕಾರ ಸುಳ್ಳು ಹೇಳಿದ್ದು ದಾಖಲೆಯಲ್ಲೇ ಇರುವಾಗ ಇದನ್ನೂ ಮುಚ್ಚಿಟ್ಟಿರಲೇಬೇಕು ಎಂಬುದು ಇನ್ನೊಂದು ಪಕ್ಷದ್ದು. ಎರಡೂ ಅರ್ಧ ದಾರಿಯಲ್ಲೇ ನಿಂತಿವೆ ಎಂಬುದು ನನ್ನ ಅಭಿಪ್ರಾಯ. ಸರ್ಕಾರಗಳು ತಾವು ಮಾಡಿದ್ದನ್ನು ದಶಕಗಟ್ಟಲೆ ಮುಚ್ಚಿಡಬಲ್ಲವು, ಮುಚ್ಚಿಟ್ಟೂ ಇವೆ. ಆದರೆ ಎಲ್ಲರ ತಲೆಯ ಮೇಲಿರುವ ಆಕಾಶದಲ್ಲಿ ತಾನಾಗಿ ನಡೆಯುವ ಸಂಗತಿಯನ್ನು ಒಂದು ದೇಶದ ಸರ್ಕಾರ ಬೀರುವಿನಲ್ಲಿಟ್ಟು ಬೀಗ ಹಾಕಲಾರದು.

ಮೊದಲ ವಾದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗೂಢಲಿಪಿ ಬಿಡಿಸುತ್ತಿದ್ದ ಸಾವಿರಾರು ಮಂದಿ, ಅವರಲ್ಲೂ ಬಹುಪಾಲು ಹೆಣ್ಣುಮಕ್ಕಳು, 1974ರವರೆಗೂ ಬಾಯಿ ಬಿಡಲಿಲ್ಲ. ಬೇಹುಗಾರಿಕೆ ಉಪಗ್ರಹಗಳನ್ನು ನಡೆಸಲೆಂದೇ ಅಮೆರಿಕ 1961ರಲ್ಲಿ ಕಟ್ಟಿದ ಇಲಾಖೆಯೊಂದರ ಅಸ್ತಿತ್ವವನ್ನೇ ಆ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡದ್ದು 1992ರಲ್ಲಿ. ನಮ್ಮಲ್ಲಿ 1962ರ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಒಂದಾದ ಮೇಲೊಂದು ಬಂದ ಸರ್ಕಾರಗಳು ಗೌಪ್ಯವೆಂದೇ ಇಟ್ಟುಕೊಂಡು ಬಂದಿವೆ. ಆದ್ದರಿಂದ ‘ಸಾಧ್ಯವೇ ಇಲ್ಲ’ ಎಂಬ ಮಾತನ್ನು ದಯವಿಟ್ಟು ಕೈಬಿಡೋಣ.

ಹಾಗಾದರೆ ಹಾರುವ ತಟ್ಟೆಗಳ ವಿಷಯದಲ್ಲಿ ಅಮೆರಿಕ ನಿಜವಾಗಿ ಬಚ್ಚಿಟ್ಟದ್ದು ಏನು? ಎಲ್ಲರೂ ಹೆಸರೆತ್ತುವ ರಾಸ್‌ವೆಲ್ ಪ್ರಕರಣವನ್ನೇ ನೋಡಬಹುದು. 1947ರ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋದ ಒಂದು ಹುಲ್ಲುಗಾವಲಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ವಸ್ತುಗಳು ಸಿಕ್ಕವು: ರಬ್ಬರಿನ ಚೂರುಗಳು, ಬೆಳ್ಳಿ ಬಣ್ಣದ ಹಾಳೆ, ಹಗುರವಾದ ಕಡ್ಡಿಗಳು, ಹೂವಿನ ಚಿತ್ತಾರದ ಅಂಟುಪಟ್ಟಿ. ಜುಲೈ 8ರಂದು ಅಲ್ಲಿನ ವಾಯುನೆಲೆಯೇ ‘ಹಾರುವ ತಟ್ಟೆ ನಮ್ಮ ವಶದಲ್ಲಿದೆ’ ಎಂದು ಪತ್ರಿಕಾ ಪ್ರಕಟಣೆ ಕೊಟ್ಟಿತು. ಮರುದಿನದ ಪತ್ರಿಕೆಗಳಲ್ಲಿ ಅದು ಬರೀ ಹವಾಮಾನದ ಬಲೂನ್ ಎಂಬ ಸಮಜಾಯಿಷಿ ಬಂತು. ಎರಡನೆಯ ಹೇಳಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ಬಲೂನ್ ಎಂಬುದು ನಿಜ, ಹವಾಮಾನಕ್ಕಾಗಿ ಎಂಬುದು ಸುಳ್ಳು. ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷಿಸಿದರೆ ಅದರ ಸದ್ದಿನ ಅಲೆಗಳನ್ನು ವಾತಾವರಣದ ಎತ್ತರದ ಪದರದಲ್ಲಿ ಹಿಡಿಯುವ ಸಲುವಾಗಿ, ನೂರಾರು ಅಡಿ ಉದ್ದಕ್ಕೆ ಪೋಣಿಸಿದ ಬಲೂನುಗಳಿಗೆ ಮೈಕ್ರೊಫೋನು ಮತ್ತು ರೇಡಾರ್ ಗುರುತುಗಳನ್ನು ಕಟ್ಟಿ ಹಾರಿಬಿಡುತ್ತಿದ್ದ ‘ಪ್ರಾಜೆಕ್ಟ್ ಮೊಗಲ್’ ಎಂಬ ಯೋಜನೆ ಅದು. ಹಾರಿಬಿಡುತ್ತಿದ್ದ ತಂಡದಲ್ಲಿದ್ದ ಕೆಲವರಿಗೇ ಯೋಜನೆಯ ಹೆಸರು ಗೊತ್ತಿರಲಿಲ್ಲ. ಮುಂದೆ ಅನ್ಯಗ್ರಹದವರ ಲಿಪಿ ಎಂದು ಜನ ನಂಬಿದ ಆ ಹೂವಿನ ಚಿತ್ತಾರ, ಆಟಿಕೆ ತಯಾರಕರಿಂದ ಬಂದ ಅಂಟುಪಟ್ಟಿಯದು ಎಂಬುದು ವಾಯುಪಡೆಯ ವಿವರಣೆ. ಈ ವಿವರಗಳನ್ನು ವಾಯುಪಡೆ ವರದಿಯಾಗಿ ಜನರ ಮುಂದಿಟ್ಟದ್ದು 1994ರಲ್ಲಿ, ಅದೂ ನ್ಯೂ ಮೆಕ್ಸಿಕೋದ ಸಂಸತ್ ಸದಸ್ಯರೊಬ್ಬರು ಪಟ್ಟುಹಿಡಿದು ಕೇಳಿದ ಮೇಲೆ.

1950ರ ದಶಕದ ಮಧ್ಯದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ಮರುಕಳಿಸಿತು. ನಾಗರಿಕ ವಿಮಾನಗಳು ಹತ್ತಿಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದ ಕಾಲದಲ್ಲಿ ಯು-2 ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹಾರುತ್ತಿತ್ತು. ಸೂರ್ಯ ಮುಳುಗಿ ಕೆಳಗೆಲ್ಲ ಕತ್ತಲಾದ ಮೇಲೂ ಅದರ ಬೆಳ್ಳಿ ರೆಕ್ಕೆಗಳಿಗೆ ಬಿಸಿಲು ತಾಗಿ ಬೆಂಕಿಯಂತೆ ಹೊಳೆಯುತ್ತಿದ್ದುದನ್ನು ಪೈಲಟ್‌ಗಳು ಕಂಡು ವರದಿ ಮಾಡುತ್ತಿದ್ದರು. ತನಿಖೆ ಮಾಡುತ್ತಿದ್ದ ವಾಯುಪಡೆ ನಿಜ ಗೊತ್ತಿದ್ದೂ ಮಂಜಿನ ಹರಳು, ತಾಪಮಾನದ ವ್ಯತ್ಯಾಸ ಎಂದು ಕಾರಣ ಕೊಟ್ಟು ಕಳಿಸುತ್ತಿತ್ತು. ಆ ಕಾಲದ ಅರ್ಧಕ್ಕೂ ಹೆಚ್ಚು ವರದಿಗಳಿಗೆ ತಮ್ಮ ಬೇಹು ವಿಮಾನಗಳೇ ಕಾರಣ ಎಂದು ಸಿಐಎ ಇತಿಹಾಸಕಾರರೊಬ್ಬರು 1997ರಲ್ಲಿ ಬರೆದರು. ಆ ಪ್ರಮಾಣ ಹೆಚ್ಚಾಯಿತೆಂದು ಪ್ರಶ್ನಿಸುವವರಿದ್ದಾರೆ, ನನಗೂ ಅದು ಹೆಚ್ಚೆನಿಸುತ್ತದೆ. ಆದರೆ ಜನರಿಗೆ ತಪ್ಪು ಕಾರಣ ಕೊಟ್ಟೆವು ಎಂಬ ಒಪ್ಪಿಗೆ ಮಾತ್ರ ಸ್ಪಷ್ಟವಾಗಿದೆ. ಕೊಟ್ಟ ಕಾರಣ ಕಣ್ಣಿಗೆ ಕಂಡದ್ದಕ್ಕೆ ಹೊಂದದಿದ್ದಾಗ ಜನ ಸಂಶಯಪಟ್ಟರೆ ಅದು ಜನರ ದಡ್ಡತನವಲ್ಲ. ಏಲಿಯನ್ ಕಥೆಗಳನ್ನು ನಂಬುವವರನ್ನು ಹೀಯಾಳಿಸುವ ಧಾಟಿ ನಿಮ್ಮಲ್ಲಿ ಪ್ರಕಟವಾದ ಕೆಲವು ಪತ್ರಗಳಲ್ಲಿ ಕಂಡು ಬೇಸರವಾಯಿತು. ಆ ಸಂಶಯವನ್ನು ಬಿತ್ತಿದ್ದು ಸರ್ಕಾರವೇ.

ಇನ್ನು ಎರಡನೆಯ ವಾದ. ಪ್ರಕೃತಿಯ ಸಂಗತಿಗೆ ಗೌಪ್ಯತೆಯ ಮೊಹರು ಅಂಟುವುದಿಲ್ಲ ಎಂಬುದಕ್ಕೆ ಮೊಗಲ್ ಯೋಜನೆ ಹಿಡಿಯಲು ಹೊರಟಿದ್ದ ಸ್ಫೋಟದ ಕಥೆಯೇ ಸಾಕ್ಷಿ. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಅತಿ ಗುಟ್ಟಾಗಿ ಸಿಡಿಸಿತು. ಕೆಲವೇ ದಿನಗಳಲ್ಲಿ, ಜಪಾನ್ ಮತ್ತು ಅಲಾಸ್ಕದ ನಡುವೆ ಹಾರುತ್ತಿದ್ದ ಅಮೆರಿಕದ ವಿಮಾನವೊಂದರ ಸೋಸುಕಾಗದಕ್ಕೆ ಆ ಸ್ಫೋಟದ ವಿಕಿರಣಶೀಲ ಧೂಳು ಅಂಟಿತ್ತು. ಸೆಪ್ಟೆಂಬರ್ 23ರಂದು ಅಧ್ಯಕ್ಷ ಟ್ರೂಮನ್ ಅದನ್ನು ಜಗತ್ತಿಗೇ ಸಾರಿದರು. ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣನವರ ತಂಡವೂ ಭಾರತದ ಮೊದಲ ಅಣುಪರೀಕ್ಷೆಯ ಸಿದ್ಧತೆಯನ್ನು ಗುಟ್ಟಾಗಿ ಇಟ್ಟಿತ್ತು. 1974ರ ಮೇ 18ರಂದು ಪೋಖರಣ್‌ನಲ್ಲಿ ಸ್ಫೋಟವಾದ ದಿನವೇ ಸುದ್ದಿ ಬಹಿರಂಗವಾಯಿತು. ಸಿದ್ಧತೆಯನ್ನು ಮುಚ್ಚಿಡಬಹುದು, ನೆಲ ನಡುಗಿದ್ದನ್ನು ಮುಚ್ಚಿಡಲಾಗದು.

ಇಂದಂತೂ ಆಕಾಶವನ್ನು ಕಾಯುವವರು ಸರ್ಕಾರಗಳಷ್ಟೇ ಅಲ್ಲ. ಅಮೆರಿಕದ ಎಕ್ಸ್-37ಬಿ ಎಂಬ ಗೌಪ್ಯ ಸೇನಾ ನೌಕೆ 2010ರ ಏಪ್ರಿಲ್‌ನಲ್ಲಿ ಕಕ್ಷೆಗೆ ಏರಿದಾಗ, ಅದು ಎಲ್ಲಿ ಸುತ್ತುತ್ತಿದೆ ಎಂಬುದನ್ನು ಮರುತಿಂಗಳೇ ಪತ್ತೆ ಹಚ್ಚಿದ್ದು ಹವ್ಯಾಸಿ ವೀಕ್ಷಕರು. ಸೌರವ್ಯೂಹದ ಆಚೆಯಿಂದ ಬಂದ ಮೂರನೆಯ ಅತಿಥಿ 3ಐ/ಅಟ್ಲಾಸ್ ಧೂಮಕೇತು 2025ರ ಜುಲೈ 1ರಂದು ಚಿಲಿಯ ದೂರದರ್ಶಕಕ್ಕೆ ಸಿಕ್ಕಿತು. ಮರುದಿನ ಅದು ಎಲ್ಲ ದೇಶಗಳ ಖಗೋಳಜ್ಞರ ಪರದೆಯ ಮೇಲಿತ್ತು.

ಆಕಾಶದ ಮಾತು ಸರಿ, ನೆಲಕ್ಕೆ ಬಿದ್ದ ನೌಕೆಯನ್ನು ಬಚ್ಚಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. 2023ರ ಜುಲೈನಲ್ಲಿ ಡೇವಿಡ್ ಗ್ರಶ್ ಎಂಬ ಮಾಜಿ ಗುಪ್ತಚರ ಅಧಿಕಾರಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಪ್ರಮಾಣ ಮಾಡಿ ಹೇಳಿದ್ದೂ ಇದನ್ನೇ. ಆದರೆ ಅವರು ತಾವು ಕಂಡದ್ದನ್ನು ಹೇಳಲಿಲ್ಲ, ಬೇರೆಯವರಿಂದ ತಿಳಿದದ್ದನ್ನು ಹೇಳಿದರು. ಮೇಲಿನಿಂದ ಬೀಳುವ ವಸ್ತು ದೇಶ ನೋಡಿ ಬೀಳುವುದಿಲ್ಲ ಎಂಬುದು ಇಲ್ಲಿ ಮುಖ್ಯ. 1978ರಲ್ಲಿ ಸೋವಿಯತ್ ಒಕ್ಕೂಟದ ಪರಮಾಣು ಇಂಧನದ ಉಪಗ್ರಹ ಬಿದ್ದದ್ದು ಕೆನಡಾದಲ್ಲಿ. ಮರುವರ್ಷ ಅಮೆರಿಕದ ಸ್ಕೈಲ್ಯಾಬ್‌ನ ಚೂರುಗಳು ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಎಪ್ಪತ್ತು ವರ್ಷಗಳಿಂದ ಅನ್ಯಗ್ರಹದ ನೌಕೆಗಳು ಬೀಳುತ್ತಿದ್ದರೆ ಅವು ಚೀನಾದಲ್ಲೂ ರಷ್ಯಾದಲ್ಲೂ ನಮ್ಮ ಜೊಯಿಡಾ ಕಾಡಿನಲ್ಲೂ ಬೀಳಬೇಕಿತ್ತು. ಒಬ್ಬರನ್ನೊಬ್ಬರು ನಂಬದ ಇಷ್ಟೊಂದು ದೇಶಗಳು ಈ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದ ಮೌನವಾಗಿವೆ ಎಂದು ನಂಬಲು ನನಗೆ ಆಗುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ತನಿಖಾ ಕಚೇರಿ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯೂ ಇಂಥ ನೌಕೆಗಳಿಗೆ ಪುರಾವೆಯಿಲ್ಲ, ನಿಜವಾದ ರಹಸ್ಯ ಯೋಜನೆಗಳನ್ನೇ ಕೆಲವರು ಹಾಗೆ ತಿಳಿದಿದ್ದಾರೆ ಎಂದಿದೆ. ಆ ಕಚೇರಿಯ ಮಾತನ್ನು ಕಣ್ಣು ಮುಚ್ಚಿ ಒಪ್ಪಿ ಎಂದು ನಾನು ಹೇಳುವುದಿಲ್ಲ, ಕಡತಗಳು ತೆರೆಯಲಿ. ಹಾರುವ ತಟ್ಟೆಗಳ ವರದಿಗಳನ್ನು ತನಿಖೆ ಮಾಡುತ್ತಿದ್ದ ಅಮೆರಿಕ ವಾಯುಪಡೆಯ ‘ಬ್ಲೂ ಬುಕ್’ ಯೋಜನೆ 1969ರವರೆಗೆ ದಾಖಲಿಸಿದ 12,618 ಪ್ರಕರಣಗಳಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ ಎಂಬುದು ನಮಗೆ ತಿಳಿದದ್ದು ಆ ಸರ್ಕಾರವೇ ಲೆಕ್ಕ ಕೊಟ್ಟದ್ದರಿಂದ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 2007ರಲ್ಲಿ ಇಂಥ ವರದಿಗಳ ತನ್ನ ಕಡತಗಳನ್ನು ಅಂತರ್ಜಾಲಕ್ಕೇ ಏರಿಸಿತು.

ನಮ್ಮಲ್ಲೂ ಒಂದು ಒಳ್ಳೆಯ ಉದಾಹರಣೆಯಿದೆ. ಲಡಾಖ್ ಗಡಿಯಲ್ಲಿ 2012ರಿಂದ ತಿಂಗಳುಗಟ್ಟಲೆ ಕಾಣುತ್ತಿದ್ದ ಹೊಳೆಯುವ ವಸ್ತುಗಳನ್ನು ಸೇನೆ ಚೀನಾದ ಡ್ರೋನ್ ಇರಬಹುದೆಂದು ಶಂಕಿಸಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು. 2013ರಲ್ಲಿ ಆ ಸುದ್ದಿ ಪತ್ರಿಕೆಗಳಲ್ಲೂ ಬಂತು. ಅನುಮಾನ ಬಂದಾಗ ತಿಳಿದವರನ್ನು ಕೇಳಿ, ಬಂದ ಉತ್ತರ ಜನರಿಗೂ ಗೊತ್ತಾದ ಈ ಪ್ರಕರಣದ ಸುತ್ತ ಕಟ್ಟುಕಥೆ ಬೆಳೆಯಲಿಲ್ಲ. ನಮ್ಮ ಸೇನೆ ಮತ್ತು ವಿಮಾನಯಾನ ಇಲಾಖೆಗಳಲ್ಲಿ ಇಂಥ ವರದಿಗಳಿದ್ದರೆ, ರೇಡಾರ್‌ನಂಥ ಸೂಕ್ಷ್ಮ ವಿವರಗಳನ್ನು ತೆಗೆದು ಉಳಿದದ್ದನ್ನು ನಿರ್ದಿಷ್ಟ ಅವಧಿಯ ನಂತರ ಪ್ರಕಟಿಸಬೇಕೆಂದು ಕೇಂದ್ರ ಸರ್ಕಾರವನ್ನು ಒತ್ತಾಯಿಸುತ್ತೇನೆ. ತಮ್ಮ ಪತ್ರಿಕೆಯೂ ಆಕಾಶದಲ್ಲಿ ವಿಚಿತ್ರ ಬೆಳಕು ಕಂಡಿತೆಂಬ ಸುದ್ದಿ ಬಂದಾಗ ಕಂಡ ಊರು, ದಿನಾಂಕ, ಹೊತ್ತು, ದಿಕ್ಕು ಇವನ್ನು ತಪ್ಪದೆ ಅಚ್ಚು ಹಾಕಿ, ಅಂದು ಆ ದಿಕ್ಕಿನಲ್ಲಿ ಯಾವ ಗ್ರಹ ಅಥವಾ ಉಪಗ್ರಹ ಇತ್ತೆಂದು ಖಗೋಳಜ್ಞರನ್ನು ಕೇಳಿ ಅದೇ ಸುದ್ದಿಯ ಜೊತೆಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ತುಮಕೂರು