ಅತ್ತಿಗೆಗೆ ಗೊತ್ತಿರಬೇಕು

ಪ್ರಿಯ ಗೆಳೆಯ,

ಮನೆಗೆ ಬಂದು ಎರಡು ವಾರವಾಯಿತು, ಬೆಳಗ್ಗೆ ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದೀಯ ಎಂದು ಕೇಳಿ ಜೀವಕ್ಕೆ ಸಮಾಧಾನವಾಯಿತು. ನಿನಗೆ ಸ್ಟೆಂಟ್ ಹಾಕಿದ ರಾತ್ರಿ ನಾನು ಅತ್ತಿಗೆಯ ಜೊತೆ ವಾರ್ಡಿನ ಹೊರಗೆ ಕೂತಿದ್ದೆ. ಕೌಂಟರಿನವರು ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ ಕೇಳಿದರು. “ಎಲ್ಲ ಅವರ ಮೊಬೈಲ್‌ನಲ್ಲಿದೆ” ಎಂದರು ಅತ್ತಿಗೆ. ಮೊಬೈಲ್ ಅವರ ಕೈಯಲ್ಲೇ ಇತ್ತು, ಅದನ್ನು ತೆರೆಯುವುದು ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರ ಮುಖ ನೋಡಿ ನನಗೆ ಅಮ್ಮ ನೆನಪಾದಳು. ಬಿಡ್ತು ಅನ್ನು ಎಂದು ನೀನು ಗದರಿಸಿದರೂ ಸರಿ, ಈ ಮಾತು ಹೇಳದೆ ಇರಲಾರೆ.

ನಮ್ಮ ಅಪ್ಪ ಅಶಿಸ್ತಿನ ಮನುಷ್ಯನಲ್ಲ. 1980ರ ಕಂದಾಯದ ರಸೀದಿಯನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿ ದಾರ ಕಟ್ಟಿ ಇಟ್ಟಿದ್ದರು. ಆದರೆ ಯಾವುದು ತೀರಿದ ಸಾಲದ ಪತ್ರ, ಯಾವುದು ಇನ್ನೂ ನಡೆಯುತ್ತಿರುವ ಠೇವಣಿ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅವರು ಹೋದ ಮೇಲೆ ಪೆಟ್ಟಿಗೆ ತುಂಬ ಕಾಗದವಿತ್ತು, ಅದನ್ನು ಬಿಡಿಸಿ ಹೇಳುವವರಿರಲಿಲ್ಲ. ಸೊಸೈಟಿಯಲ್ಲಿ ಅಮ್ಮನ ಬಳೆ ಒತ್ತೆ ಇಟ್ಟಿದ್ದು ನಮಗೆ ತಿಳಿದದ್ದು ಹರಾಜಿನ ನೋಟಿಸ್ ಬಂದ ದಿನ.

ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡಿದ್ದು ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತೋಟದ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇತ್ತು. ಅಪ್ಪ ನಲವತ್ತು ವರ್ಷ ಉತ್ತು ಬೆಳೆದರೂ ಖಾತೆ ಮಾಡಿಸಿರಲಿಲ್ಲ. ತಾತನ ಸಾವನ್ನು ಯಾರೂ ನೋಂದಾಯಿಸಿರಲಿಲ್ಲ. ಇಪ್ಪತ್ತೊಂದು ದಿನದೊಳಗೆ ತಿಳಿಸಿದ್ದರೆ ಸರಾಗವಾಗಿ ಆಗುವ ಕೆಲಸ ಅದು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಅಪ್ಪನದು ಇನ್ನೊಂದು ತೊಡಕು. ಪಹಣಿಯಲ್ಲಿ ತಾತನ ಹೆಸರು ಒಂದು ರೀತಿ, ಅಪ್ಪನ ಆಧಾರ್‌ನಲ್ಲಿ ತಂದೆಯ ಹೆಸರು ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಕೊಂಡು ನಾಡಕಚೇರಿಗೆ ಎಷ್ಟು ಸಲ ಅಲೆದೆನೋ ಲೆಕ್ಕವಿಲ್ಲ. ಈ ಭಾನುವಾರವೇ ನಿನ್ನ ಪಹಣಿ, ಆಧಾರ್, ಪ್ಯಾನ್, ಪಾಸ್‌ಬುಕ್ ನಾಲ್ಕನ್ನೂ ಮುಂದಿಟ್ಟುಕೊಂಡು ಹೆಸರು ಹೊಂದುತ್ತದೆಯೇ ನೋಡು. ನೀನು ಬದುಕಿರುವಾಗ ಒಂದು ಅರ್ಜಿಯಲ್ಲಿ ಸರಿಹೋಗುವುದು, ನಿನ್ನ ನಂತರ ಮಕ್ಕಳಿಗೆ ವರ್ಷದ ಅಲೆದಾಟ.

ವಂಶವೃಕ್ಷ ಬರೆಸುವಾಗ ಊರಿನ ಹಿರಿಯರೊಬ್ಬರು “ಅಕ್ಕನ ಹೆಸರೇಕೆ, ಮದುವೆ ಮಾಡಿ ಕೊಟ್ಟಾಯಿತಲ್ಲ” ಎಂದರು. ನನಗೆ ಸಿಟ್ಟು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಬೇಡ ಎನ್ನುವುದಾದರೆ ಅದನ್ನು ಅಕ್ಕನೇ ಹೇಳಬೇಕು, ಹಕ್ಕು ಬಿಡುಗಡೆ ಪತ್ರಕ್ಕೆ ಅವಳೇ ಸಹಿ ಹಾಕಬೇಕು. ಅವಳನ್ನು ಮರೆತಂತೆ ನಟಿಸುವುದು ಕಳ್ಳತನ ಎಂದೇ ನಾನು ಭಾವಿಸುತ್ತೇನೆ. ನಿನ್ನ ತಂಗಿಯ ವಿಷಯದಲ್ಲೂ ನೀನು ಹಾಗೆ ಮಾಡುವವನಲ್ಲ ಎಂದು ನನಗೆ ಗೊತ್ತು.

ನಾಮಿನಿ ಹಾಕಿದ್ದೇನೆ, ಎಲ್ಲ ಮುಗಿಯಿತು ಎಂದು ಅಂದು ನೀನು ಹೇಳಿದೆ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುತ್ತದೆ, ನಿಜ. ಆದರೆ ಅದರಿಂದಲೇ ಅವರು ಮಾಲೀಕರಾಗುವುದಿಲ್ಲ. ವಾರಸುದಾರರ ಪರವಾಗಿ ಪಡೆದುಕೊಳ್ಳುವವರು ಅಷ್ಟೇ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ನಿನ್ನ ಹಳೆಯ ಖಾತೆಯಲ್ಲಿ ನಾಮಿನಿ ಯಾರು ಎಂದು ನೋಡಿದ್ದೀಯಾ? ಮದುವೆಗೆ ಮುಂಚಿನ ಖಾತೆಯಾದರೆ ತೀರಿಹೋದ ನಿಮ್ಮ ಅಮ್ಮನ ಹೆಸರೇ ಇರಬಹುದು. 2025ರ ನವೆಂಬರ್‌ನಿಂದ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಪಾಲು ಎಷ್ಟೆಂದೂ ಬರೆಯಬಹುದು.

ಇನ್ನೊಂದು ಸಣ್ಣ ಸಂಗತಿ. ನಮ್ಮ ಸೋದರಮಾವನ ಮಗ ನಲವತ್ತನಾಲ್ಕಕ್ಕೇ ಹೋದಾಗ ಅವನ ಪಾಸ್‌ಬುಕ್ ತಿರುವಿ ನೋಡುತ್ತಿದ್ದೆ. ಮೇ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದ್ದ ಸಾಲು ಕಣ್ಣಿಗೆ ಬಿತ್ತು. ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಯಾವಾಗಲೋ ಬ್ಯಾಂಕಿನಲ್ಲಿ ಅರ್ಜಿಗೆ ಸಹಿ ಹಾಕಿದ್ದನ್ನು ಅವನು ಹೆಂಡತಿಗೆ ಹೇಳಿಯೇ ಇರಲಿಲ್ಲ. ಎರಡು ಲಕ್ಷ ಬಂತು. ಅವನ ಮಗುವಿನ ಕಾಲೇಜಿನ ಶುಲ್ಕ ಕಟ್ಟಿದ್ದು ಆ ದುಡ್ಡಿನಿಂದ. ಆ ಒಂದು ಸಾಲನ್ನು ಯಾರೂ ನೋಡದೇ ಇದ್ದಿದ್ದರೆ ಎಂದು ಈಗಲೂ ಎದೆ ನಡುಗುತ್ತದೆ.

ನೀನು ಮಾಡಬೇಕಾದ್ದು ದೊಡ್ಡದೇನಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊ. ಯಾವ ಬ್ಯಾಂಕು, ಯಾವ ಪಾಲಿಸಿ, ಪಿಎಫ್ ಸಂಖ್ಯೆ, ಮನೆಯ ಕ್ರಯಪತ್ರ ಎಲ್ಲಿದೆ, ಯಾರಿಗೆ ಕೈಸಾಲ ಕೊಟ್ಟಿದ್ದೀಯ, ಯಾರಿಂದ ತಂದಿದ್ದೀಯ, ಚೀಟಿ ಎಷ್ಟು ಕಂತು ಬಾಕಿ, ಎಲ್ಲ ಬರೆ. ಕೈಸಾಲದ್ದನ್ನು ಮಾತ್ರ ತಪ್ಪಿಸಬೇಡ, ಅದಕ್ಕೆ ಬೇರೆ ದಾಖಲೆಯೇ ಇರುವುದಿಲ್ಲ. ಮೊಬೈಲ್ ತೆರೆಯುವುದನ್ನು ಅತ್ತಿಗೆಗೆ ಕಲಿಸು. ಬ್ಯಾಂಕಿನ ಗುಪ್ತ ಸಂಖ್ಯೆಗಳನ್ನು ಆ ಪುಸ್ತಕದಲ್ಲಿ ಬರೆಯಬೇಡ. ಬರೆದಾದ ಮೇಲೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಸುಮ್ಮನಾಗಬೇಡ. ಒಂದು ಸಂಜೆ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟ ಪುಟ ಓದಿ ಹೇಳು. ನಮ್ಮ ಅಪ್ಪ ನಮ್ಮ ಅಮ್ಮನಿಗೆ ಮಾಡದೇ ಹೋದದ್ದು ಅದೊಂದೇ.

ನಿನ್ನ ದುಡಿಮೆಯಿಂದ ಕಟ್ಟಿದ ಮನೆಗೆ ಉಯಿಲು ಬರೆದಿಡು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳಂತೂ ಬೇಕೇ ಬೇಕು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಬ್ಬ ಸಾಕ್ಷಿ ನಾನಾಗುತ್ತೇನೆ, ಇನ್ನೊಬ್ಬರನ್ನು ನೀನು ಹೇಳಿಟ್ಟಿರು.

ಮಾತ್ರೆ ತಪ್ಪಿಸಬೇಡ.

ನಿನ್ನ ಗೆಳೆಯ