ಮೋರಿ, ಸೇತುವೆ, ಮುಳುಗು ಸೇತುವೆ: ನಕ್ಷೆಯಲ್ಲಿ ಎಲ್ಲವೂ ಒಂದೇ ಆಗಬಾರದು

ಮಾನ್ಯ ಸಂಪಾದಕರೇ,

ಯಾರು ಬೇಕಾದರೂ ತಿದ್ದಬಹುದಾದ ಉಚಿತ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೊಡಗಿನ ರಸ್ತೆ, ಹೊಳೆ, ತೋಡುಗಳನ್ನು ಗುರುತಿಸುವ ಸ್ವಯಂಸೇವಕರಿಗೆ ಮಳೆಗಾಲಕ್ಕೆ ಮುಂಚೆ ಕೆಲವು ಮಾತು. ತಪ್ಪುಗಳು ಸೇರಿಕೊಳ್ಳುವುದು ಹೆಚ್ಚಾಗಿ ರಸ್ತೆ ನೀರು ದಾಟುವ ಜಾಗದಲ್ಲೇ.

ಇಡೀ ರಸ್ತೆಯ ಗೆರೆಗೆ ‘ಬ್ರಿಡ್ಜ್=ಯೆಸ್’ ಎಂಬ ಟ್ಯಾಗ್ (ಗೆರೆ ಏನೆಂದು ಹೇಳುವ ಗುರುತು) ಹಾಕಬೇಡಿ. ಸೇತುವೆಯ ಎರಡೂ ತುದಿಗಳಲ್ಲಿ ಬಿಂದು ಇಟ್ಟು ಗೆರೆಯನ್ನು ತುಂಡು ಮಾಡಿ (ನಕ್ಷೆ ತಿದ್ದುವ ಐಡಿ ಎಡಿಟರ್‌ನಲ್ಲಿ ಎಕ್ಸ್ ಕೀಲಿ), ನಡುವಿನ ತುಂಡಿಗೆ ಮಾತ್ರ ‘ಬ್ರಿಡ್ಜ್=ಯೆಸ್’, ‘ಲೇಯರ್=1’ (ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅಂತಸ್ತು) ಕೊಡಿ. ತುದಿಯ ಬಿಂದುಗಳು ಆಚೀಚಿನ ರಸ್ತೆಗೆ ಅಂಟಿಕೊಂಡೇ ಇರಬೇಕು. ಬಿಟ್ಟುಹೋದರೆ ದಾರಿ ಹೇಳುವ ಆ್ಯಪ್ ಅಲ್ಲಿ ರಸ್ತೆಯೇ ಇಲ್ಲವೆಂದುಕೊಂಡು ಊರೆಲ್ಲ ಸುತ್ತಿಸುತ್ತದೆ. ಸೇತುವೆ ಮತ್ತು ಕೆಳಗಿನ ಗೆರೆಗೆ ಮಾತ್ರ ಸಮಾನ ಬಿಂದು ಇರಕೂಡದು. ಭಾಗಮಂಡಲದ ಮೇಲ್ಸೇತುವೆಯಂಥ ಕಡೆ ಮೇಲಿನ ರಸ್ತೆಯನ್ನೂ ಕೆಳಗಿನ ರಸ್ತೆಯನ್ನೂ ಒಂದೇ ಬಿಂದುವಿನಲ್ಲಿ ಸೇರಿಸಿದರೆ, ಸೇತುವೆ ಮೇಲಿರುವಾಗಲೇ ‘ಎಡಕ್ಕೆ ತಿರುಗಿ’ ಎನ್ನುತ್ತದೆ ಫೋನು.

ತೋಟದ ದಾರಿಗಳಲ್ಲಿ ಸಿಗುವುದು ಬಹುಪಾಲು ಮೋರಿ. ನಮ್ಮ ಎಂಜಿನಿಯರುಗಳ ಲೆಕ್ಕದಲ್ಲಿ 6 ಮೀಟರ್‌ವರೆಗಿನದು ಮೋರಿ, ಅದಕ್ಕೂ ಉದ್ದವಿದ್ದರೆ ಸೇತುವೆ. ಆದರೆ ನಕ್ಷೆಯಲ್ಲಿ ನೋಡಬೇಕಾದ್ದು ರಚನೆಯನ್ನು. ಮಣ್ಣಿನಡಿ ಪೈಪು ಹೂತು ನೀರು ಹಾಯಿಸಿದ್ದರೆ ರಸ್ತೆಯನ್ನು ಮುಟ್ಟಲೇಬೇಡಿ; ತೋಡಿನ ಗೆರೆಯನ್ನು ರಸ್ತೆಯ ಎರಡೂ ಬದಿ ತುಂಡು ಮಾಡಿ ಆ ಚಿಕ್ಕ ತುಂಡಿಗೆ ‘ಟನಲ್=ಕಲ್ವರ್ಟ್’, ‘ಲೇಯರ್=-1’ ಹಾಕಿ. ಸೋಮಾರಿತನದಿಂದ ಇಡೀ ಹೊಳೆಗೇ ‘ಲೇಯರ್=-1’ ಕೊಡುವವರಿದ್ದಾರೆ, ಅದು ಬೇರೆ ಕಡೆಯ ತಪ್ಪುಗಳನ್ನೂ ಮುಚ್ಚಿಹಾಕುತ್ತದೆ.

ಕೊಡಗಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮುಳುಗು ಸೇತುವೆ. ಹಾರಂಗಿ ಅಣೆಕಟ್ಟೆಯ ಮುಂದಿನ ಸೇತುವೆಯಂತೆ, ನೀರು ಬಿಟ್ಟಾಗ ಮುಳುಗುವಂಥವಕ್ಕೆ ‘ಬ್ರಿಡ್ಜ್=ಲೋ_ವಾಟರ್_ಕ್ರಾಸಿಂಗ್’ ಎಂಬ ಬೇರೆ ಟ್ಯಾಗ್ ಇದೆ, ಜೊತೆಗೆ ನೀರು ನುಗ್ಗುವ ಜಾಗವೆನ್ನುವ ‘ಫ್ಲಡ್_ಪ್ರೋನ್=ಯೆಸ್’. ಸೇತುವೆ ಎತ್ತರವಾಗಿದ್ದು ಕೂಡುರಸ್ತೆ ಮಾತ್ರ ಮುಳುಗುತ್ತಿದ್ದರೆ ಎರಡನೆಯ ಟ್ಯಾಗನ್ನು ರಸ್ತೆಯ ಆ ತುಂಡಿಗಷ್ಟೇ ಹಾಕಿ. ಹೊಳೆ ಉಕ್ಕಿದ ದಿನ ‘ಆ್ಯಕ್ಸೆಸ್=ನೋ’ ಎಂದು ರಸ್ತೆ ಮುಚ್ಚುವುದು ಬೇಡ. ಫೋನಿನಲ್ಲಿ ಇಳಿಸಿಕೊಳ್ಳುವ ನಕ್ಷೆಗಳು ಹೊಸದಾಗಲು ಕೆಲವೊಮ್ಮೆ ತಿಂಗಳೇ ಹಿಡಿಯುತ್ತದೆ. ನೀರು ಇಳಿದರೂ ಆ ರಸ್ತೆ ನಕ್ಷೆಯಲ್ಲಿ ಮುಚ್ಚಿಯೇ ಇರುತ್ತದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳಿಗೆ ಹಾಕುವ ತಾತ್ಕಾಲಿಕ ನಿರ್ಬಂಧಕ್ಕೂ ಇದೇ ಮಾತು.

ತೂಗುಸೇತುವೆಗೆ ‘ಹೈವೇ=ಫುಟ್‌ವೇ’ (ಕಾಲುದಾರಿ) ಎಂದೇ ಇರಲಿ. ಇಲ್ಲದಿದ್ದರೆ ಕಾವೇರಿ ನಿಸರ್ಗಧಾಮದ ಹಗ್ಗದ ಸೇತುವೆಗೂ ಕಾರು ಕಳಿಸೀತು ಆ್ಯಪ್. ಬೇತ್ರಿ ಸೇತುವೆ ಎಂಬ ಹೆಸರು ‘ಬ್ರಿಡ್ಜ್:ನೇಮ್’ಗೆ ಹೋಗಬೇಕು, ‘ನೇಮ್’ ಜಾಗ ರಸ್ತೆಯ ಹೆಸರಿಗೆ. ಮಾಕುಟ್ಟದ ಆಚೆ ಕೇರಳ ಗಡಿಯ ಕೂಟುಪುಳದಲ್ಲಿ ಆದಂತೆ ಹಳೆಯದರ ಪಕ್ಕ ಹೊಸತು ಬಂದರೆ, ನಿಂತಿರುವ ಹಳೆಯದನ್ನು ಅಳಿಸಬೇಡಿ. ಈಗ ಅದನ್ನು ಯಾರು ಬಳಸುತ್ತಾರೋ ನೋಡಿ ಟ್ಯಾಗ್ ಬದಲಿಸಿ.

ಸಿಲ್ವರ್ ಓಕ್ ನೆರಳಿನಡಿಯ ಸಂಕ (ಕಿರುಸೇತುವೆ) ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ. ಗುಡ್ಡಗಾಡಿನಲ್ಲಿ ಚಿತ್ರವೇ ಕೆಲವು ಮೀಟರ್ ಸರಿದಿರುವುದೂ ಉಂಟು, ಜಿಪಿಎಸ್ ಜಾಡಿಗೆ ಹೊಂದಿಸಿಕೊಂಡೇ ಎಳೆಯಿರಿ. ನೀರು ಕಡಿಮೆಯಿರುವ ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗಿ ನೋಡುವುದು ಒಳ್ಳೆಯದು. ಕಂಬ, ಪೈಪು ಎಲ್ಲ ಕಾಣುತ್ತವೆ. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಪರವಾನಗಿ ಒಪ್ಪುವುದಿಲ್ಲ.

ಕೊನೆಗೆ, ಸೇತುವೆ ದಾಟಬಹುದಾದ ವಾಹನದ ತೂಕದ ಮಿತಿ. ‘ಮ್ಯಾಕ್ಸ್‌ವೇಟ್’ನಲ್ಲಿ ಬರೆಯುವುದು ಟನ್ ಲೆಕ್ಕ, ಬರೀ ಸಂಖ್ಯೆ ಸಾಕು. ಅದನ್ನೂ ಸೇತುವೆಯ ತುಂಡಿಗಷ್ಟೇ ಹಾಕಿ, ಇಲ್ಲವಾದರೆ ಸೇತುವೆಗಿಂತ ಈಚೆಗೇ ಇರುವ ತೋಟಕ್ಕೆ ಹೋಗುವ ಲಾರಿಗೂ ಬೇರೆ ದಾರಿ ತೋರಿಸುತ್ತದೆ. ತೂಕದ ಮಿತಿಯ ಫಲಕವಿಲ್ಲದ ಕಡೆ ಊಹೆಯ ಸಂಖ್ಯೆ ಬೇಡವೇ ಬೇಡ. ಬಿದ್ದುಹೋದ, ಪಾಚಿ ಹಿಡಿದ ಫಲಕಗಳನ್ನು ಜೂನ್‌ಗೆ ಮೊದಲು ಎರಡೂ ತುದಿಗಳಲ್ಲಿ ಹೊಸದಾಗಿ ನಿಲ್ಲಿಸುವಂತೆ ಲೋಕೋಪಯೋಗಿ ಇಲಾಖೆಯನ್ನೂ ಪಂಚಾಯಿತಿಗಳನ್ನೂ ಕೋರುತ್ತೇವೆ.

— ನಕ್ಷೆ ಸ್ವಯಂಸೇವಕರು, ಮಡಿಕೇರಿ