ಬಟನ್ ಒತ್ತಿದ್ದು ಯಾರು?

ಸರಸ್ವತಿಪುರಂ, ಮೈಸೂರು

ಚಿರಂಜೀವಿಗೆ,

ಆಶೀರ್ವಾದಗಳು. ವಿಡಿಯೊ ಗೇಮ್‌ಗಳ ಬಗ್ಗೆ ನೀನು ಬರೆದ ಪ್ರಬಂಧಗಳ ಹಸ್ತಪ್ರತಿ ಕೈಸೇರಿ ಬಹಳ ದಿನವಾಯಿತು. ಆ ಗೇಮ್‌ಗಳನ್ನು ಕಣ್ಣಾರೆ ನೋಡದೆ ಉತ್ತರ ಬರೆಯಬಾರದೆಂದು ತಡಮಾಡಿದೆ. ಎಂಜಿನಿಯರಿಂಗ್ ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. ದೊಡ್ಡ ಗೇಮ್‌ಗಳನ್ನು ಅವಳು ಆಡಿದಳು, ನಾನು ಪಕ್ಕದಲ್ಲಿ ಕುಳಿತು ನೋಡಿದೆ, ಪ್ರಶ್ನೆ ಕೇಳಿ ಅವಳ ತಲೆ ತಿಂದೆ. ‘ಪೇಪರ್ಸ್, ಪ್ಲೀಸ್’ ಒಂದನ್ನು ಮಾತ್ರ ನಾನೇ ಆಡಿದೆ. ಅದಕ್ಕೆ ಬೆರಳಿನ ಚುರುಕಿಗಿಂತ ಕಣ್ಣಿನ ಚುರುಕು ಮುಖ್ಯ. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವಳಿಗೆ ಅದು ಇದೆ.

ಪ್ರಬಂಧ ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಗೇಮ್ ಎನ್ನಬೇಕೋ ಆಟ ಎನ್ನಬೇಕೋ ಎಂದೆಲ್ಲ ಕೇಳಿದ್ದೀಯೆ. ಅವು ಬರೆಯುತ್ತ ಬರೆಯುತ್ತ ತಾವಾಗಿ ಬಗೆಹರಿಯುವ ಸಂಗತಿಗಳು, ನನ್ನನ್ನು ಕೇಳಬೇಡ. ಆದರೆ ಕೊನೆಯಲ್ಲಿ, “ಮನೆಯವರಿಗೆ ಇದು ಕಾಲಹರಣ, ಸಾಹಿತ್ಯದವರಿಗೆ ಇದು ಹುಡುಗಾಟ, ಕನ್ನಡದಲ್ಲಿ ಇದನ್ನು ಓದುವವರು ಯಾರು, ಬಿಟ್ಟುಬಿಡಲೇ” ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಸಂಕಟವಾಯಿತು. ನಾನು ಓದಿದ್ದೇನೆ. ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದಿದ್ದೇನೆ. ಬಿಡಬೇಡ.

ನಿನಗೆ ಹೇಳಬೇಕಾದದ್ದು ಒಂದೇ ಮಾತು. ನಿನ್ನ ಪ್ರಬಂಧಗಳಲ್ಲಿ ಎಲ್ಲರೂ ಇದ್ದಾರೆ, ಆಡಿದವನೇ ಇಲ್ಲ.

‘ರೆಡ್ ಡೆಡ್ ರಿಡೆಂಪ್ಷನ್ 2’ ಕುರಿತದ್ದನ್ನೇ ತೆಗೆದುಕೊ. 2018ರಲ್ಲಿ ಬಂದ ಗೇಮ್, 1899ರ ಅಮೆರಿಕ, ದರೋಡೆಕೋರರ ಗುಂಪೊಂದರ ಕೊನೆಗಾಲ, ಆರ್ಥರ್ ಮಾರ್ಗನ್ ಎಂಬ ನಾಯಕ, ಇಷ್ಟನ್ನೂ ಅಚ್ಚುಕಟ್ಟಾಗಿ ಪರಿಚಯಿಸಿದ್ದೀಯೆ. ಆಮೇಲೆ ಬರೆಯುತ್ತೀಯೆ: “ಆರ್ಥರ್ ಬಡ ಸಾಲಗಾರನಿಗೆ ಹೊಡೆಯುತ್ತಾನೆ.” ಅಲ್ಲಿಯೇ ನಿಲ್ಲು. ಆರ್ಥರ್ ತಾನಾಗಿ ಹೊಡೆಯಲಿಲ್ಲ. ಥಾಮಸ್ ಡೌನ್ಸ್ ಎಂಬ ಆ ಕೆಮ್ಮುವ ಮನುಷ್ಯನ ಜಮೀನಿನವರೆಗೆ ಕುದುರೆ ಓಡಿಸಿಕೊಂಡು ಹೋದವನು ನೀನು. ಅವನ ಕೊರಳಪಟ್ಟಿ ಹಿಡಿದವನು ನೀನು. ಬಟನ್ ಒತ್ತಿದ್ದು ನಿನ್ನ ಹೆಬ್ಬೆರಳು. ಒತ್ತದೆ ಕುಳಿತರೆ ಕಥೆ ಮುಂದೆ ಸರಿಯುವುದಿಲ್ಲವಂತೆ, ಮೊಮ್ಮಗಳು ಹೇಳಿದಳು. ಹಾಗಾದರೆ ಒತ್ತುವ ಮೊದಲು ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆಯೋ? ಬೇಗ ಮುಗಿಯಲಿ ಎಂದು ಪಟಪಟನೆ ಒತ್ತಿದೆಯೋ? ಅಥವಾ ಒಂದು ಕ್ಷಣ ಹೊಡೆಯುವುದರಲ್ಲಿ ಖುಷಿಯೂ ಆಯಿತೋ? ಯಾವುದಾದರೂ ಸರಿ, ಓದುಗನಿಗೆ ಬೇಕಾದದ್ದು ಅದು. ಉಳಿದ ಕಥೆಯನ್ನು ಅವನು ಎಲ್ಲಿ ಬೇಕಾದರೂ ತಿಳಿದುಕೊಂಡಾನು. ನಿನ್ನ ಹೆಬ್ಬೆರಳಿನ ಸಮಾಚಾರ ನಿನ್ನೊಬ್ಬನ ಹತ್ತಿರ ಮಾತ್ರ ಇದೆ.

ನೀನು ಮಂಡ್ಯದವನು ಬೇರೆ. 2015ರಲ್ಲಿ ನಿಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲದ ಕಾಟಕ್ಕೆ ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡಾಗ ಬೆಳಿಗ್ಗೆ ಪತ್ರಿಕೆ ಬಿಡಿಸಲು ನಮಗೆಲ್ಲ ಹೆದರಿಕೆಯಾಗುತ್ತಿತ್ತು. ಸಾಲ ವಸೂಲಿಗೆ ಬಂದವರು ಅಂಗಳದಲ್ಲಿ ನಿಂತು ಕೂಗುವುದನ್ನು ಕೇಳಿಸಿಕೊಂಡು ಬೆಳೆದ ಹುಡುಗ, ಒಂದು ರಾತ್ರಿ ತಾನೇ ವಸೂಲಿಗಾರನಾಗಿ ಇನ್ನೊಬ್ಬನ ಅಂಗಳಕ್ಕೆ ಕಾಲಿಡುತ್ತಾನೆ. ಇಂಥದ್ದು ಕೈಯಲ್ಲಿದ್ದೂ ‘ಪಾಶ್ಚಾತ್ಯ ಬಂಡವಾಳಶಾಹಿಯ ಕ್ರೌರ್ಯ’ ಎಂದು ಒಂದು ಸಾಲು ಬರೆದು ದಾಟಿಬಿಟ್ಟಿದ್ದೀಯಲ್ಲ!

ಆ ಹೊಡೆತದ ನಡುವೆ ಡೌನ್ಸ್ ಕೆಮ್ಮಿದ ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಅವನಿಗೆ ಕ್ಷಯ ಅಂಟುವುದು ಅಲ್ಲಿಂದಲೇ. ಆ ಕ್ಷಯವನ್ನು ‘ಒಂದು ನಾಗರಿಕತೆಯ ಅವಸಾನದ ಸಂಕೇತ’ ಎಂದಿದ್ದೀಯೆ. ಈ ಸಾಲಿಗೆ ನನಗೆ ಸಿಟ್ಟು ಬಂತು. ನನ್ನ ಸೋದರಮಾವ ಇಲ್ಲಿಯ ಕ್ಷಯದ ಆಸ್ಪತ್ರೆ ಪಿ.ಕೆ. ಸ್ಯಾನಿಟೋರಿಯಂನಲ್ಲಿದ್ದರು. ಮನೆಗೆ ಬಂದ ಮೇಲೂ ಅವರ ತಟ್ಟೆ ಲೋಟ ಹಿತ್ತಲ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿದ್ದವು. ಕೆಮ್ಮು ಬರುವ ಸೂಚನೆ ಸಿಕ್ಕ ಕೂಡಲೇ ಮಾತು ನಿಲ್ಲಿಸಿ, ಮಕ್ಕಳಾದ ನಮಗೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿಕೊಳ್ಳುತ್ತಿದ್ದರು. ಕ್ಷಯ ಎಂದರೆ ನನಗೆ ಆ ಬೆನ್ನು. ಗೇಮ್ ಮಾಡಿದವರಿಗೂ ಇದು ಗೊತ್ತಿತ್ತು ಎಂದು ಕಾಣುತ್ತದೆ. ಆರ್ಥರ್ ಕೆಮ್ಮುತ್ತಾನೆ, ಮುಖ ಬಿಳಿಚಿಕೊಳ್ಳುತ್ತದೆ, ಮೈ ಇಳಿದುಹೋಗುತ್ತದೆ. ಅವರು ಕೆಮ್ಮು ತೋರಿಸಿದರು, ನೀನು ಸಂಕೇತ ಬರೆದೆ.

ಈ ವಿಷಯದಲ್ಲಿ ನಾನೇಕೆ ಇಷ್ಟು ಹಟ ಹಿಡಿಯುತ್ತೇನೆ ಎಂದು ನಿನಗೆ ಅನ್ನಿಸಬಹುದು. ನನಗೂ ನಿನ್ನಷ್ಟೇ ವಯಸ್ಸಿದ್ದಾಗ ಶ್ರೀರಂಗಪಟ್ಟಣದ ಟೆಂಟ್ ಸಿನಿಮಾದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ನೆಲದ ಟಿಕೆಟ್ ತೆಗೆದುಕೊಂಡು ಮರಳಿನ ಮೇಲೆ ಕುಳಿತು ಸಿನಿಮಾ ನೋಡುತ್ತಿದ್ದುದು, ರೀಲು ತುಂಡಾದಾಗ ಪರದೆ ಬೆಳ್ಳಗಾಗಿ ಜನರೆಲ್ಲ ಕೂಗುತ್ತಿದ್ದುದು, ಆ ಕೂಗಿನ ನಡುವೆಯೂ ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟದ್ದು, ಎಲ್ಲವನ್ನೂ ಬರೆದಿದ್ದೆ. ಒಬ್ಬ ಸಂಪಾದಕರು ಅದನ್ನು ಪ್ರಕಟಿಸಿದರು. ಅಚ್ಚಾಗಿ ಬಂದಾಗ ನೋಡುತ್ತೇನೆ, “ನಾನು ಅತ್ತುಬಿಟ್ಟೆ” ಎಂಬ ಸಾಲು “ಪ್ರೇಕ್ಷಕ ವರ್ಗ ಕಣ್ಣೀರು ಮಿಡಿಯುತ್ತಿತ್ತು” ಎಂದಾಗಿದೆ. ಹೋಗಿ ಕೇಳಿದರೆ, “ಸ್ವಂತದ್ದನ್ನೆಲ್ಲ ಬರೆದರೆ ಅದು ಡೈರಿಯಾಗುತ್ತದಮ್ಮ, ಸಾಹಿತ್ಯವಾಗುವುದಿಲ್ಲ” ಎಂದರು. ಆ ಪ್ರಬಂಧವನ್ನು ಬಹಳ ಜನ ಮೆಚ್ಚಿದರು. ಮೆಚ್ಚಿದವರೆಲ್ಲ ಆ ಸಾಲನ್ನೇ ಎತ್ತಿ ಹೇಳಿದರು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ನನ್ನ ಸಾಲನ್ನು ಕೆಡಿಸಲು ಒಬ್ಬ ಸಂಪಾದಕರು ಬೇಕಾಯಿತು. ನೀನಾದರೋ ಅವರು ಮುಟ್ಟುವ ಮೊದಲೇ ನಿನ್ನನ್ನು ನೀನೇ ಹೊಡೆದುಹಾಕಿ ಕಳಿಸಿದ್ದೀಯೆ. ‘ಆಟಗಾರ ಭಾವಿಸುತ್ತಾನೆ’, ‘ಆಟಗಾರನಿಗೆ ಅನುಭವವಾಗುತ್ತದೆ’. ಯಾರಪ್ಪ ಆ ಆಟಗಾರ? ಯಾವ ಊರಿನವನು?

ಕುರುಕ್ಷೇತ್ರದ ಕಾಟವೂ ಹೀಗೆಯೇ ಬಂದದ್ದು. ಯಾವ ಗೇಮ್ ಆದರೇನು, ಎರಡು ಪುಟ ಕಳೆಯುವುದರೊಳಗೆ ಮಹಾಭಾರತ ಬರುತ್ತದೆ. ಗೇಮ್ ಎಂದರೆ ಮೂಗು ಮುರಿಯುವ ಹಿರಿಯರ ಮುಂದೆ ವ್ಯಾಸರ ಶಿಫಾರಸು ಪತ್ರ ಹಿಡಿದು ನಿಂತಿದ್ದೀಯೆ. ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ಬಗ್ಗೆ ಬರೆಯುವಾಗ ಅದರ ನಾಯಕಿಯ ಸೇಡಿಗೂ ಅಶ್ವತ್ಥಾಮನನ್ನು ಕರೆತಂದಿದ್ದೀಯೆ. 2020ರ ಆ ಗೇಮಿನಲ್ಲಿ ನಡೆಯುವುದೇನು? ಅರ್ಧ ದಾರಿಯವರೆಗೆ ನೀನು ‘ಎಲ್ಲಿ’ ಎಂಬ ಹೆಸರಿನ ಆ ಹುಡುಗಿಯಾಗಿರುತ್ತೀಯೆ, ತನ್ನವನನ್ನು ಕೊಂದ ಆ್ಯಬಿಯನ್ನು ಹುಡುಕಿಕೊಂಡು ಹೋಗುತ್ತೀಯೆ. ಆಮೇಲೆ ಗೇಮ್ ನಿನ್ನನ್ನು ಅದೇ ಆ್ಯಬಿಯೊಳಗೆ ಕೂರಿಸುತ್ತದೆ. ಗಂಟೆಗಟ್ಟಲೆ ಅವಳಾಗಿ ಬದುಕಿ, ಆ ಹಳೆಯ ಥಿಯೇಟರಿನೊಳಗೆ ಎಲ್ಲಿಯನ್ನೇ ಅಟ್ಟಿಸಿಕೊಂಡು ಹೋಗಿ ಹೊಡೆಯಬೇಕಾಗುತ್ತದೆ. ಮೊಮ್ಮಗಳು ಅಲ್ಲಿ ಕಂಟ್ರೋಲರನ್ನು ಸೋಫಾದ ಮೇಲೆ ಇಟ್ಟು ಎದ್ದುಹೋದಳು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಹಿಡಿದಳು. “ಅಜ್ಜಿ, ಸೋತುಬಿಡೋಣ ಅನ್ನಿಸುತ್ತಿದೆ, ಸೋತರೆ ಮತ್ತೆ ಇಲ್ಲಿಂದಲೇ ಶುರುವಾಗುತ್ತದೆ” ಎಂದಳು. ನಿನ್ನ ಹನ್ನೆರಡು ಪುಟಗಳಲ್ಲಿ ಈ ಒಂದು ಮಾತಿನಷ್ಟು ಸತ್ಯ ನನಗೆ ಸಿಗಲಿಲ್ಲ. ಅವಳು ಬರೆಯುವವಳಲ್ಲ, ನೀನು ಬರೆಯುವವನು. ಅದಕ್ಕೇ ಬೇಸರ.

ಬೈದದ್ದು ಸಾಕು. ನಿನ್ನಲ್ಲಿ ಶಕ್ತಿ ಇಲ್ಲದಿದ್ದರೆ ಇಷ್ಟು ಬೈಯುತ್ತಲೂ ಇರಲಿಲ್ಲ. ‘ಬ್ರದರ್ಸ್’ ಬಗ್ಗೆ ಬರೆದ ಪ್ರಬಂಧದಲ್ಲಿ ಮೂರು ಸಾಲುಗಳಿವೆ. ಅಣ್ಣನನ್ನು ಎಡಗೈಯಿಂದ, ತಮ್ಮನನ್ನು ಬಲಗೈಯಿಂದ ನಡೆಸುವ ಗೇಮ್ ಅದು. ಅಮ್ಮ ನೀರಿನಲ್ಲಿ ಮುಳುಗಿದ್ದರಿಂದ ತಮ್ಮನಿಗೆ ನೀರೆಂದರೆ ಭಯ, ಅಣ್ಣನ ಬೆನ್ನಿಗೆ ಜೋತುಬಿದ್ದೇ ಹೊಳೆ ದಾಟುತ್ತಾನೆ. ಕೊನೆಗೆ ಅಣ್ಣ ಸಾಯುತ್ತಾನೆ. ನೀನು ಬರೆದಿದ್ದೀಯೆ: “ನನ್ನ ಎಡಗೈಗೆ ಕೆಲಸವಿಲ್ಲದಂತಾಯಿತು. ತಮ್ಮ ನೀರಿನ ಮುಂದೆ ನಿಂತ. ಯಾವುದನ್ನು ಒತ್ತಿದರೂ ಇಳಿಯಲಿಲ್ಲ, ಕೊನೆಗೆ ಅಣ್ಣನ ಬಟನ್ ಒತ್ತಿದೆ, ಈಜಿದ.” ಓದುತ್ತಿದ್ದ ನಾನು ಹಾಳೆ ಕೆಳಗಿಟ್ಟೆ. ಒಂದು ಕೈ ಖಾಲಿಯಾಗುವುದರಲ್ಲಿ ಸಾವನ್ನು ಹಿಡಿದಿಟ್ಟವರು 2013ರಲ್ಲಿ ಆ ಗೇಮ್ ಮಾಡಿದವರು. ಅದನ್ನು ಕಂಡು ಕನ್ನಡಕ್ಕೆ ತಂದವನು ನೀನು. ಇಲ್ಲಿ ‘ನನ್ನ’ ಎಂದು ಬರೆದಿದ್ದೀಯೆ, ಗಮನಿಸಿದೆಯಾ? ಮುಂದಿನ ಪ್ಯಾರಾದಲ್ಲಿ ‘ಸಹೋದರತ್ವವೆಂಬ ಸಾರ್ವಕಾಲಿಕ ಮೌಲ್ಯ’ ಬರುತ್ತದೆ. ಆ ಪ್ಯಾರಾಕ್ಕೆ ಉದ್ದಕ್ಕೂ ಗೀಟು ಹಾಕಿದ್ದೇನೆ.

ಈಗ ‘ಪೇಪರ್ಸ್, ಪ್ಲೀಸ್’. ನನಗೆ ತುಂಬ ಹೇಳಬೇಕಾಗಿರುವುದು ಇದರ ಬಗ್ಗೆ. ಲೂಕಸ್ ಪೋಪ್ ಎಂಬ ಒಬ್ಬರೇ ಕುಳಿತು ಮಾಡಿ 2013ರಲ್ಲಿ ಹೊರತಂದ ಗೇಮ್. 1982, ಆರ್‌ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶ, ಅದರ ಗಡಿಯಲ್ಲಿ ಒಂದು ಗೂಡು. ಗೂಡಿನೊಳಗೆ ಕುಳಿತ ಗುಮಾಸ್ತ ನಾನು. ಎದುರಿಗೆ ಬಂದವರು ಪಾಸ್‌ಪೋರ್ಟನ್ನು ಕಟ್ಟೆಯ ಮೇಲಿಡುತ್ತಾರೆ. ಅದನ್ನು ಮೇಜಿಗೆ ಎಳೆದುಕೊಂಡು ಫೋಟೊ, ಹುಟ್ಟಿದ ದಿನಾಂಕ, ಅವಧಿ, ಕೊಟ್ಟ ಊರು, ಮೊಹರು ಒಂದೊಂದನ್ನೇ ನೋಡಬೇಕು. ನಿಯಮ ದಿನದಿನಕ್ಕೆ ಬದಲಾಗುತ್ತದೆ. ಬಲಗಡೆಯಿಂದ ಮೊಹರಿನ ಪಟ್ಟಿ ಎಳೆದರೆ ಹಸಿರು ಒಂದು, ಕೆಂಪು ಒಂದು. ತಲೆಗೆ ಇಷ್ಟು ಎಂದು ಸಂಬಳ. ಸಂಜೆ ಆರಕ್ಕೆ ಗೂಡು ಮುಚ್ಚಿದ ಮೇಲೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು ಎಂದು ಲೆಕ್ಕ ಬರುತ್ತದೆ. ದುಡ್ಡು ಸಾಲದಿದ್ದರೆ ಮನೆಯವರ ಹೆಸರಿನ ಮುಂದೆ ಹಸಿವು, ಚಳಿ, ಕಾಯಿಲೆ ಎಂದು ಬರೆದಿರುತ್ತದೆ.

ಒಂದು ದಿನ ಒಬ್ಬ ಗಂಡ ಬರುತ್ತಾನೆ, ಕಾಗದ ಎಲ್ಲ ಸರಿ. ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಎನ್ನುತ್ತಾನೆ. ಅವಳ ಹತ್ತಿರ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ ಎನ್ನುತ್ತಾಳೆ. ಇಲ್ಲಿ ನೀನು, “ಆಟಗಾರ ಅವಳನ್ನು ಒಳಗೆ ಬಿಡುತ್ತಾನೆ, ಮಾನವೀಯತೆ ಗೆಲ್ಲುತ್ತದೆ” ಎಂದು ಬರೆದಿದ್ದೀಯೆ. ಒಂದು ಪ್ರಶ್ನೆ ಕೇಳುತ್ತೇನೆ. ಆ ಗೇಮಿನಲ್ಲಿ ದಿನದ ಮೊದಲ ಎರಡು ತಪ್ಪುಗಳಿಗೆ ಬರೀ ಎಚ್ಚರಿಕೆಯ ಚೀಟಿ, ಮೂರನೆಯದರಿಂದ ದಂಡ. ಆ ಹೆಂಗಸು ನಿನಗೆ ಆ ದಿನದ ಎಷ್ಟನೆಯ ತಪ್ಪು? ನಾನು ಅವಳನ್ನು ಬಿಡುವ ಮುನ್ನ ಇದನ್ನು ಮನಸ್ಸಿನಲ್ಲೇ ಎಣಿಸಿಕೊಂಡೆ. ಎಣಿಸಿ, ಪರವಾಗಿಲ್ಲ ಎಂದು ಗೊತ್ತಾದ ಮೇಲೆ ಹಸಿರು ಮೊಹರು ಒತ್ತಿದೆ. ಕರುಣೆಗೂ ಒಂದು ಲೆಕ್ಕವಿದೆ ಎಂದು ನನ್ನ ಕೈಯಿಂದಲೇ ನನಗೆ ತಿಳಿಸಿಕೊಟ್ಟ ಆಟ ಅದು. ಮಾನವೀಯತೆ ಗೆದ್ದಿತು ಎಂದು ಬರೆದರೆ ಈ ಎಣಿಕೆ ಎಲ್ಲಿ ಹೋಯಿತು?

ನಿಜಕ್ಕೂ ನನ್ನ ಮನಸ್ಸು ಕಲಕಿದ್ದು ನಿನ್ನ ಪ್ರಬಂಧವಲ್ಲ, ಜೊತೆಗಿಟ್ಟ ಕಾಗದ. ಹೋಬಳಿಯ ನಾಡಕಚೇರಿಯಲ್ಲಿ ಗುತ್ತಿಗೆಯ ಡೇಟಾ ಎಂಟ್ರಿ ಕೆಲಸ ಎಂದು ನಿನ್ನ ಪರಿಚಯ ಮಾಡಿಕೊಂಡಿದ್ದೀಯೆ. “ದಿನವಿಡೀ ಜನರ ಕಾಗದ ನೋಡಿ ಸುಸ್ತಾಗಿ ಮನೆಗೆ ಬಂದು, ರಾತ್ರಿ ಗೇಮಿನಲ್ಲಿಯೂ ಜನರ ಕಾಗದವನ್ನೇ ನೋಡುತ್ತ ಕೂರುತ್ತೇನೆ” ಎಂದು ಬರೆದಿದ್ದೀಯೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಬಂದ ಅಜ್ಜಿಯೊಬ್ಬರಿಗೆ ಆಧಾರ್ ಲೆಕ್ಕದಲ್ಲಿ 65 ತುಂಬಿರಲಿಲ್ಲ, ಹುಟ್ಟಿದ ತಾರೀಕು ಯಾರೋ ಅಂದಾಜಿಗೆ ಬರೆಸಿದ್ದು, ಮುಖ ನೋಡಿದರೆ ಎಪ್ಪತ್ತು ದಾಟಿದಂತಿತ್ತು, ವಾಪಸ್ ಕಳಿಸಿದೆ ಎಂದೂ ಬರೆದಿದ್ದೀಯೆ. ಇದನ್ನೆಲ್ಲ ಪರಿಚಯದ ಕಾಗದದಲ್ಲಿ ಹಾಕಿ, ಪ್ರಬಂಧದಲ್ಲಿ ‘ಸರ್ವಾಧಿಕಾರಿ ವ್ಯವಸ್ಥೆಯ ಅಮಾನವೀಯ ಯಂತ್ರ’ ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ಆ ಯಂತ್ರದ ಕುರ್ಚಿಯ ಮೇಲೆ ಹಗಲೂ ರಾತ್ರಿಯೂ ಕುಳಿತಿರುವವನು ನೀನು. ಕನ್ನಡದಲ್ಲಿ ಈ ಪ್ರಬಂಧವನ್ನು ಬರೆಯುವ ಹಕ್ಕು ನಿನ್ನಷ್ಟು ಇನ್ನೊಬ್ಬರಿಗೆ ಇರಲಾರದು.

ಅದನ್ನು ಮತ್ತೆ ಬರೆ. ಗೇಮಿನ ಗೂಡೂ ನಿನ್ನ ಕೌಂಟರೂ ಒಂದೇ ಎಂದು ಸಾಧಿಸಲು ಹೋಗಬೇಡ, ಒಂದೇ ಅಲ್ಲ. ಗೇಮಿನಲ್ಲಿ ಪರವಾನಗಿ ಇಲ್ಲದವಳನ್ನು ಬಿಡುವ ಹಸಿರು ಮೊಹರು ನಿನ್ನ ಕೈಯಲ್ಲಿದೆ, ಕೌಂಟರಿನಲ್ಲಿ 65 ತುಂಬದ ತಾರೀಕು ಹಾಕಿದರೆ ಕಂಪ್ಯೂಟರೇ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ನೀನೇ ಹೇಳಿದ್ದೀಯೆ. ಆ ವ್ಯತ್ಯಾಸವನ್ನು ಬರೆ. ಅಜ್ಜಿಯನ್ನು ಕಳಿಸಿದ ರಾತ್ರಿ ಗೇಮ್ ಹಾಕಿದೆಯಾ? ಹಾಕಿದ್ದರೆ ಯಾರನ್ನು ಒಳಗೆ ಬಿಟ್ಟೆ? ಇದರಿಂದ ನೀನು ಒಳ್ಳೆಯವನಾದೆ ಎಂದು ಕೊನೆಗೆ ಬರೆಯಬೇಡ, ಕೆಟ್ಟವನಾದೆ ಎಂದೂ ಬೇಡ. ಅಜ್ಜಿಯ ಹೆಸರು, ಊರು ಹಾಕಬೇಡ. ಅಶ್ವತ್ಥಾಮನನ್ನಂತೂ ಹತ್ತಿರ ಸೇರಿಸಬೇಡ.

ಓದಿದ ಸ್ನೇಹಿತರು “ಗೇಮಿಗೂ ಸಾಹಿತ್ಯದ ಗೌರವ ತಂದುಕೊಟ್ಟೆ” ಎಂದು ಹೊಗಳಿದರು ಎಂದಿದ್ದೀಯೆ. ಪ್ರೀತಿಯಿಂದ ಹೇಳಿದ್ದಾರೆ, ಕೇಳಿಸಿಕೊ, ಆದರೆ ಆ ಮಾತನ್ನು ನಂಬಿಕೊಂಡು ಒಂದು ಸಾಲನ್ನೂ ಬರೆಯಬೇಡ. ಗೇಮಿಗೆ ಗೌರವ ತರುವುದು ನಿನ್ನ ಕೆಲಸವಲ್ಲ.

ಹಸ್ತಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ, ಪೆನ್ಸಿಲ್ ಗುರುತು ನೋಡಿ ಗಾಬರಿಯಾಗಬೇಡ. ನಾಡಕಚೇರಿಯ ಪ್ರಬಂಧ ಮೊದಲು ಬರಲಿ, ಸಾಲ ವಸೂಲಿಯದ್ದು ಆಮೇಲೆ. ಉಳಿದವು ಇದ್ದಲ್ಲಿಯೇ ಇರಲಿ. ಆ ಅಜ್ಜಿ ಮತ್ತೆ ಬಂದಿದ್ದರೇ ಎಂಬುದನ್ನು ನೀನು ಬರೆದಿಲ್ಲ. ಬಂದಿದ್ದರೆ ಏನಾಯಿತೆಂದು ಪ್ರಬಂಧಕ್ಕೆ ಕಾಯದೆ ನನಗೆ ಒಂದು ಕಾರ್ಡು ಬರೆ.

ನಿನ್ನ ಹಿತೈಷಿ